ಎಲೆ ಉದುರಿದ ಮಾತ್ರಕ್ಕೆ ಕೊಡಲಿ ತರಬೇಡಿ

ಓದುಗರ ಪ್ರಶ್ನೆ, ಟೀಚರ್ ಉತ್ತರ

ಬಿಸು ಕಳೆದ ಮೇಲೆ ಬಂದ ಕಾಗದಗಳಲ್ಲಿ ಬಹುಪಾಲು ಬಿಸಿಲಿನದ್ದೇ ಮಾತು. ಬಾವಿ, ಪಂಪು, ತೋಟದ ಪೈಪಿನ ಪ್ರಶ್ನೆಗಳನ್ನೆಲ್ಲ ಕೃಷಿ ಪುಟದವರಿಗೆ ದಾಟಿಸಿದ್ದೇನೆ. ಮರಗಳ ಬಗ್ಗೆ ಕೇಳಿದ್ದನ್ನು ಮಾತ್ರ ಇಲ್ಲಿ ಇಟ್ಟುಕೊಂಡೆ. ಹೊಸ ಓದುಗರಿಗೆ ಒಂದು ಮಾತು: ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಮನೆ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಹತ್ತಿರ, ಹಿತ್ತಿಲು ದಾಟಿದರೆ ಕಾಡು. ಉತ್ತರ ಉದ್ದವಾದರೆ ಸಹಿಸಿಕೊಳ್ಳಿ. ಪೀರಿಯಡ್ ಮುಗಿಯಿತು ಅಂತ ಗಂಟೆ ಹೊಡೆಯುವವರು ಈಗ ಯಾರೂ ಇಲ್ಲ.

ನಮ್ಮ ಗುಡ್ಡೆಯಲ್ಲಿ ಸಾಗುವಾನಿ, ಮತ್ತಿ, ಬೂರುಗ ಎಲ್ಲ ಬೋಳಾಗಿ ನಿಂತಿದ್ದವು. ಅದೇ ಗುಡ್ಡೆಯ ಹೆಬ್ಬಲಸು, ಮಾವು, ಧೂಪ ಹಸಿರಾಗೇ ಇವೆ. ಮಳೆ ಎಲ್ಲದಕ್ಕೂ ಒಂದೇ, ಮಣ್ಣೂ ಒಂದೇ. ಹೀಗೇಕೆ? – ಪೆರ್ಲದ ಕೃಷಿಕರೊಬ್ಬರು

ಮಳೆ ಒಂದೇ, ಒಪ್ಪಿದೆ. ಮಣ್ಣು ಒಂದೇ ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ಎಲೆಯ ಕಷ್ಟ ಏನು ಅಂತ ತಿಳಿಯಬೇಕು.

ಎಲೆಯ ಅಡಿಭಾಗದಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಪತ್ರರಂಧ್ರ ಅಂತ ಶಾಲೆಯಲ್ಲಿ ಓದಿದ್ದೀರಿ. ಒಂದು ಚದರ ಮಿಲಿಮೀಟರಿನಲ್ಲಿ ನೂರು, ಇನ್ನೂರು, ಕೆಲವು ಮರಗಳಲ್ಲಿ ಅದಕ್ಕಿಂತ ಜಾಸ್ತಿ. ಎಲೆ ಅಡುಗೆ ಮಾಡಲು ಬೇಕಾದ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದು ಇದೇ ದಾರಿಯಲ್ಲಿ. ನೀರಿನ ಆವಿ ಹೊರಗೆ ಹೋಗುವುದೂ ಇದೇ ದಾರಿಯಲ್ಲಿ. ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯುವ ಉಪಾಯ ಇಲ್ಲ. ಒಂದು ಅಣು ಇಂಗಾಲದ ಡೈಆಕ್ಸೈಡ್ ಗಳಿಸುವುದರೊಳಗೆ ನೂರಾರು ಅಣು ನೀರು ಕೈಬಿಟ್ಟಿರುತ್ತದೆ. ಬೇರು ಹೀರಿದ ನೀರಿನಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಹೀಗೆಯೇ ಗಾಳಿ ಸೇರುವುದು. ರಂಧ್ರ ಮುಚ್ಚಿದರೆ ನೀರು ಉಳಿಯಿತು, ಊಟ ನಿಂತಿತು. ತೆರೆದಿಟ್ಟರೆ ಊಟ ಉಂಟು, ನೀರು ಖಾಲಿ. ಬೇಸಗೆಯಲ್ಲಿ ಮರ ನಡೆಸುವುದೆಲ್ಲ ಈ ಎರಡರ ನಡುವಿನ ಲೆಕ್ಕಾಚಾರ.

ಇದಕ್ಕೆ ಗಾಳಿಯ ಕಾಟ ಬೇರೆ. ಬೆಳಗ್ಗೆ 25 ಡಿಗ್ರಿ ಇರುವಾಗ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ 23 ಗ್ರಾಂ ನೀರಾವಿ ಹಿಡಿಸುತ್ತದೆ. 18 ಗ್ರಾಂ ಆಗಲೇ ಇದ್ದರೆ ಉಳಿದ ಜಾಗ 5 ಗ್ರಾಂ. ಮಧ್ಯಾಹ್ನ 35 ಡಿಗ್ರಿ ಆಯಿತು ಅನ್ನಿ. ಈಗ ಅಷ್ಟೇ ಗಾಳಿಯಲ್ಲಿ 39 ಗ್ರಾಂ ಹಿಡಿಸುತ್ತದೆ. ಇರುವುದು ಅದೇ 18. ಖಾಲಿ ಜಾಗ 21 ಗ್ರಾಂ! ಗಾಳಿಯಲ್ಲಿನ ನೀರು ಒಂದು ಗ್ರಾಂ ಕೂಡ ಕಡಿಮೆಯಾಗಿಲ್ಲ, ಆದರೂ ಎಲೆಯಿಂದ ಎಳೆಯುವ ಸೆಳೆತ ನಾಲ್ಕು ಪಟ್ಟು ದಾಟಿತು. ಬುಡದಲ್ಲಿ ಬೇಕಾದಷ್ಟು ನೀರಿದ್ದರೂ ಎಷ್ಟೋ ಮರಗಳು ನಡುಮಧ್ಯಾಹ್ನ ರಂಧ್ರಗಳನ್ನು ಅರ್ಧಕ್ಕರ್ಧ ಮುಚ್ಚುವುದು ಇದಕ್ಕೇ. ಬೆಳಗ್ಗೆಯೇ ಸಾಕಷ್ಟು ಕೆಲಸ ಮುಗಿಸಿಕೊಳ್ಳುತ್ತವೆ.

ಈಗ ನಿಮ್ಮ ಸಾಗುವಾನಿಗೆ ಬರೋಣ. ಅದರ ಎಲೆ ಎಷ್ಟು ಅಗಲ, ನೋಡಿದ್ದೀರಲ್ಲ. ಅಗಲದ ಎಲೆ ಬಿಸಿಲಿಗೆ ಬೇಗ ಕಾಯುತ್ತದೆ. ನೀರು ಆವಿಯಾಗುತ್ತಿರುವ ತನಕ ತಂಪು. ರಂಧ್ರ ಮುಚ್ಚಿತೋ, ಎಲೆ ಸುತ್ತಲಿನ ಗಾಳಿಗಿಂತಲೂ ಬಿಸಿಯಾಗಿಬಿಡುತ್ತದೆ. ಅದೂ ಅಲ್ಲದೆ ರಂಧ್ರ ಎಷ್ಟೇ ಬಿಗಿಯಾಗಿ ಮುಚ್ಚಿದರೂ ಎಲೆಯ ಮೇಣದ ಪದರದ ಮೂಲಕ ಸ್ವಲ್ಪ ಸ್ವಲ್ಪ ನೀರು ಸೋರುತ್ತಲೇ ಇರುತ್ತದೆ. ಸಾವಿರಾರು ಎಲೆಗಳಿಂದ ಸೋರಿದರೆ ಅದು ಸಣ್ಣ ನಷ್ಟವಲ್ಲ. ಆದ್ದರಿಂದ ಸಾಗುವಾನಿ ಎಲೆಯನ್ನೇ ಬಿಟ್ಟುಬಿಡುತ್ತದೆ. ಸುಮ್ನೆ ಬಿಡುವುದಿಲ್ಲ, ಮೊದಲು ಎಲೆಯಲ್ಲಿರುವ ಸಾರಜನಕ, ರಂಜಕಗಳಲ್ಲಿ ಒಳ್ಳೆಯ ಪಾಲನ್ನು ಕಾಂಡಕ್ಕೆ ವಾಪಸು ಎಳೆದುಕೊಳ್ಳುತ್ತದೆ. ಆಮೇಲೆ ತೊಟ್ಟಿನ ಬುಡದಲ್ಲಿ ಒಂದು ತೆಳು ಪದರ ಬೆಳೆಸಿ ಎಲೆಯನ್ನು ಕಳಚುತ್ತದೆ. ನಾವು ದನದ ಹಟ್ಟಿಗೆ ಅಂತ ಗುಡಿಸಿ ತರುವ ತರಗೆಲೆಯಲ್ಲಿ ಹಸಿ ಸೊಪ್ಪಿನಷ್ಟು ಸಾರ ಇಲ್ಲದಿರುವುದು ಇದರಿಂದಲೇ.

ಎಲೆ ಹೋದ ಮೇಲೆ ಇನ್ನೊಂದು ಚಂದದ ಸಂಗತಿ ಉಂಟು. ನೀರು ಹೊರಹೋಗುವ ದಾರಿ ನಿಂತಿತಲ್ಲ, ಬೇರು ಅಲ್ಪಸ್ವಲ್ಪ ಎಳೆಯುವ ನೀರು ಕಾಂಡದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಮಧ್ಯ ಅಮೆರಿಕದ ಕೋಸ್ಟಾರಿಕಾದಲ್ಲಿ ಗ್ವಾನಕಾಸ್ಟೆ ಅಂತ ಒಂದು ಸೀಮೆ, ನಮ್ಮಂತೆಯೇ ಜೋರು ಮಳೆಗಾಲ, ಜೋರು ಬೇಸಗೆ. ಅಲ್ಲಿನ ಕಾಡಿನಲ್ಲಿ ಇದನ್ನು ಅಳೆದು ನೋಡಿದ್ದಾರೆ. ಎಲೆ ಉದುರಿದ ಮೇಲೆ ಕಾಂಡ ನೀರು ತುಂಬಿಕೊಂಡಿತು, ಅದರ ಬೆನ್ನಿಗೇ ಒಂದು ಹನಿ ಮಳೆಯಿಲ್ಲದೆ ಹೂ, ಚಿಗುರು ಬಂತು. ನಮ್ಮಲ್ಲಿ ಬೂರುಗ ಬೋಳು ಕೊಂಬೆಯಲ್ಲಿ ಕೆಂಪಗೆ ಹೂ ಬಿಡುವುದು, ಬಿಸುವಿನ ಕಣಿಗೆ ಕಕ್ಕೆ ಹೂ ಸಿಗುವುದು, ಎರಡರ ಹಿಂದೆಯೂ ಈ ಉಳಿತಾಯವೇ ಇರುವುದು.

ಹಾಗಾದರೆ ಹೆಬ್ಬಲಸು? ಇಲ್ಲಿ ನಿಮ್ಮ ‘ಮಣ್ಣೂ ಒಂದೇ’ ಅನ್ನುವ ಮಾತು ಬಿದ್ದುಹೋಗುತ್ತದೆ. ನಮ್ಮ ಗುಡ್ಡೆಗಳಲ್ಲಿ ಮೇಲೆ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಗಟ್ಟಿ ಪದರ, ಅದರಡಿ ಮೆತ್ತಗಿನ ಕಲ್ಲು, ಇನ್ನೂ ಅಡಿಗೆ ಹೋದರೆ ಶೇಡಿ ಮಣ್ಣು. ಮೇಲಿನದು ಧನು ತಿಂಗಳಿಗೇ ಒಣಗುತ್ತದೆ. ಅಡಿಯದ್ದು ಬೇಸಗೆ ಕಡೆಯ ತನಕ ಒದ್ದೆ. ಪೆರ್ಲದವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ, ನಿಮ್ಮೂರಿನಲ್ಲಿ ನೀರಿಗೆ ಅಂತ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗ ಇಲ್ಲದ ಮನೆ ಎಷ್ಟಿದೆ? ಟಾರ್ಚ್ ಹಿಡಿದು ಸುರಂಗದೊಳಗೆ ಹೋಗಿ, ಮೇಲ್ಗಡೆ ಬೆಳಕು ಬಿಡಿ. ನಮ್ಮ ಮನೆಯ ಸುರಂಗದಲ್ಲಿ ಕಲ್ಲಿನ ಬಿರುಕಿನಿಂದ ಕಂದು ಬೇರು ಇಳಿದಿದೆ. ತುದಿಯಲ್ಲಿ ಬಿಳಿ ಬಿಳಿ ಕೂದಲ ಬೇರು, ಒಂದೊಂದರಲ್ಲೂ ನೀರಿನ ಹನಿ. ನೇರ ಮೇಲೆ ನಿಂತಿರುವುದು ಒಂದು ಹೆಬ್ಬಲಸು. ಅದಕ್ಕೆ ಬೇಸಗೆ ತಟ್ಟುವುದು ಎಲೆಗೆ ಮಾತ್ರ, ಬೇರಿಗೆ ಅಲ್ಲ.

ಬ್ರೆಜಿಲಿನ ಪಾರಾ ರಾಜ್ಯದ ಕಾಡುಗಳಲ್ಲೂ ಹೀಗೇ. ತಿಂಗಳುಗಟ್ಟಲೆ ಮಳೆಯಿಲ್ಲದಿದ್ದರೂ ಕಾಡು ಹಸಿರಾಗಿರುವುದು ಹೇಗೆ ಅಂತ ಅಗೆದು ನೋಡಿದವರಿಗೆ 8 ಮೀಟರಿಗಿಂತಲೂ ಕೆಳಗೆ ಬೇರು ಸಿಕ್ಕಿತು. 1994ರಲ್ಲಿ ಅದು ಪ್ರಕಟವಾಗುವ ತನಕ ಮಳೆಕಾಡಿನ ಬೇರೆಲ್ಲ ಮೇಲ್ಮಣ್ಣಿನಲ್ಲೇ ಇರುತ್ತದೆ ಅಂತಲೇ ಬಹಳ ಜನ ನಂಬಿದ್ದರು. ಅವರಿಗೆ ನಮ್ಮ ಸುರಂಗ ತೋರಿಸಬೇಕಿತ್ತು.

ಟೀಚರೇ, ಮಣ್ಣು ಒಣಗಿದೆ ಅಂತ ಮೇಲಿರುವ ಎಲೆಗೆ ಹೇಗೆ ಗೊತ್ತಾಗುತ್ತದೆ? ಅದಕ್ಕೆ ಮೆದುಳಿಲ್ಲವಲ್ಲ. – ಬದಿಯಡ್ಕದಿಂದ ಒಂಬತ್ತನೇ ಕ್ಲಾಸಿನ ವಿದ್ಯಾರ್ಥಿನಿ

ಒಳ್ಳೆಯ ಪ್ರಶ್ನೆ ಮಗಳೇ. ಓದಿ ತಿಳಿಯುವುದಕ್ಕಿಂತ ಕಣ್ಣಲ್ಲಿ ನೋಡು. ನಿಮ್ಮ ಶಾಲೆಯ ಅಂಗಳದಲ್ಲಿ ರಿಯೋ ಗಿಡ ಇರಬಹುದು. ಉದ್ದ ಎಲೆ, ಮೇಲೆ ಹಸಿರು, ಅಡಿ ನೇರಳೆ. ಚಟ್ಟಿಯಲ್ಲಿ ಚಂದಕ್ಕೆ ಬೆಳೆಸುತ್ತಾರೆ. ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಒಂದು ಎಲೆ ಕಿತ್ತು, ಓರೆಯಾಗಿ ಹರಿದರೆ ಅಂಚಿನಲ್ಲಿ ನೇರಳೆ ಬಣ್ಣದ ತೆಳು ಪೊರೆ ಏಳುತ್ತದೆ. ಅದನ್ನು ಗಾಜಿನ ಮೇಲೆ ಒಂದು ಹನಿ ನೀರಿನಲ್ಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡು. ನೇರಳೆ ಕೋಶಗಳ ನಡುವೆ ಅಲ್ಲಲ್ಲಿ ಹಸಿರು ಜೋಡಿಗಳು ಕಾಣುತ್ತವೆ. ಎರಡೂ ಒಳಮುಖವಾಗಿ ಬಾಗಿವೆ, ನಡುವೆ ಸೀಳು. ಅವೇ ಕಾವಲು ಕೋಶಗಳು, ಸೀಳೇ ರಂಧ್ರ. ಈಗ ಗಾಜಿನ ಒಂದು ಬದಿಯಲ್ಲಿ ಉಪ್ಪು ನೀರಿನ ಹನಿ ಬಿಡು, ಇನ್ನೊಂದು ಬದಿಯಲ್ಲಿ ಒತ್ತುಕಾಗದ ಇಟ್ಟು ಎಳೆ. ಉಪ್ಪು ನೀರು ತಲುಪಿದ್ದೇ ತಡ, ಕೋಶಗಳು ನೀರು ಕಳೆದುಕೊಂಡು ಜೋಲುತ್ತವೆ, ಸೀಳು ಮುಚ್ಚುತ್ತದೆ. ನೋಡುತ್ತಿರುವಾಗಲೇ ಮುಚ್ಚುತ್ತದೆ. ಎಷ್ಟು ಸಲ ತೋರಿಸಿದರೂ ಕ್ಲಾಸಿನಲ್ಲಿ ‘ಆ!’ ಅನ್ನುವ ಸದ್ದು ಬರುತ್ತಿತ್ತು.

ಮರದಲ್ಲಿ ಉಪ್ಪು ನೀರು ಬಿಡುವವರಿಲ್ಲ. ಅಲ್ಲಿ ಕೆಲಸ ಮಾಡುವುದು ಪೊಟ್ಯಾಸಿಯಂ. ಬೆಳಕು ಬಿದ್ದಾಗ ಕಾವಲು ಕೋಶದೊಳಗೆ ಪೊಟ್ಯಾಸಿಯಂ ನುಗ್ಗುತ್ತದೆ, ಅದರ ಹಿಂದೆ ನೀರು ಬರುತ್ತದೆ, ಕೋಶ ಉಬ್ಬಿ ರಂಧ್ರ ತೆರೆಯುತ್ತದೆ. ನೀರು ಸಾಲದಾದಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಅನ್ನುವ ಹಾರ್ಮೋನ್ ಜಾಸ್ತಿಯಾಗುತ್ತದೆ. ಅದು ಕಾವಲು ಕೋಶ ಮುಟ್ಟಿದರೆ ಪೊಟ್ಯಾಸಿಯಂ ಹೊರಗೆ, ನೀರೂ ಹೊರಗೆ, ರಂಧ್ರ ಬಂದ್. ಹತ್ತಿಯ ಕಾಯಿ ಯಾಕೆ ಉದುರುತ್ತದೆ ಅಂತ ಹುಡುಕುತ್ತಿದ್ದವರಿಗೆ 1960ರ ದಶಕದಲ್ಲಿ ಸಿಕ್ಕಿದ ವಸ್ತು ಇದು. ಒಣ ಮಣ್ಣಿನಲ್ಲಿರುವ ಬೇರು ಇದನ್ನು ಮೇಲಕ್ಕೆ ಕಳಿಸುತ್ತದೆ ಅಂತ ಬಹಳ ಕಾಲ ಹೇಳುತ್ತಿದ್ದರು. ನಾನೂ ಹಾಗೇ ಪಾಠ ಮಾಡಿದ್ದು. ಎಲೆ ತನ್ನಲ್ಲಿ ನೀರಿನ ಒತ್ತಡ ಕುಸಿದದ್ದನ್ನು ತಿಳಿದು ತಾನೇ ಬಹುಪಾಲು ತಯಾರಿಸಿಕೊಳ್ಳುತ್ತದೆ ಅಂತ ಈಚಿನ ಸಂಶೋಧನೆಗಳು ಹೇಳುತ್ತವೆ. ಪರೀಕ್ಷೆಗೆ ಮಾತ್ರ ನಿನ್ನ ಪುಸ್ತಕದಲ್ಲಿ ಏನಿದೆಯೋ ಅದನ್ನೇ ಬರೆ, ಮಾರ್ಕು ಹೋದರೆ ನನ್ನನ್ನು ಬೈಯಬೇಡ.

ಮಧ್ಯಾಹ್ನ ನಮ್ಮ ದಾಸವಾಳ, ಮಲ್ಲಿಗೆ ಎಲ್ಲ ಬಾಡಿ ನಿಲ್ಲುತ್ತವೆ. ಆಗಲೇ ನೀರು ಹಾಕಬೇಕೇ? – ಮಂಜೇಶ್ವರದ ಗೃಹಿಣಿ

ಬೇಡ. ಸಂಜೆಗೆ ತಾನೇ ಎದ್ದು ನಿಂತರೆ ಗಿಡಕ್ಕೆ ಏನೂ ಆಗಿಲ್ಲ, ಎಳೆಯುವ ಗಾಳಿಯೊಂದಿಗೆ ಬೇರಿಗೆ ಓಟ ಸಾಗಲಿಲ್ಲ, ಅಷ್ಟೆ. ನೋಡಬೇಕಾದದ್ದು ಸೂರ್ಯ ಹುಟ್ಟುವ ಮೊದಲು. ರಾತ್ರಿಯಿಡೀ ರಂಧ್ರ ಮುಚ್ಚಿಕೊಂಡು ಎಲೆ, ಕಾಂಡ, ಬೇರು, ಮಣ್ಣು ಎಲ್ಲ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿರುತ್ತವೆ. ಆಗಲೂ ಎಲೆ ಜೋತು ಬಿದ್ದಿದ್ದರೆ ಮಣ್ಣಿನಲ್ಲೇ ನೀರಿಲ್ಲ ಅಂತ ಅರ್ಥ. ಕಾಡಿನ ಮರಗಳ ಬಾಯಾರಿಕೆ ಅಳೆಯುವ ವಿಜ್ಞಾನಿಗಳು ಕೂಡ ಬೆಳಗಿನ ಜಾವದ ಕತ್ತಲಲ್ಲೇ ಎಲೆ ಕೀಳಲು ಹೋಗುತ್ತಾರೆ.

ಕಾಂಡ್ಲ (ಮ್ಯಾಂಗ್ರೋವ್) ಗಿಡ ದಿನವಿಡೀ ನೀರಿನಲ್ಲೇ ನಿಂತಿರುತ್ತದೆ. ಆದರೂ ಅದರ ಎಲೆ ಬರಗಾಲದ ಗಿಡದ ಹಾಗೆ ದಪ್ಪ, ಮೇಣ ಮೇಣ. ಯಾಕೆ? – ಕುಂಬಳೆಯಿಂದ

ಯಾಕೆಂದರೆ ಆ ನೀರು ಕುಡಿಯಲು ಬರುವಂಥದ್ದಲ್ಲ. ಸಮುದ್ರದ ನೀರಿನಲ್ಲಿ ಉಪ್ಪಿದೆಯಲ್ಲ, ಅದರಿಂದ ಸಿಹಿನೀರನ್ನು ಬೇರ್ಪಡಿಸಿ ಎಳೆಯಬೇಕಾದರೆ ಸುಮಾರು 25 ವಾಯುಭಾರದಷ್ಟು, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ 25 ಪಟ್ಟು, ಸೆಳೆತ ಬೇಕು. ಮೊಗ್ರಾಲ್ ಹೊಳೆಯ ಬಾಯಿಯಲ್ಲಿ ಸೊಂಟದ ಮಟ್ಟ ನೀರಿನಲ್ಲಿ ನಿಂತ ಕಾಂಡ್ಲಕ್ಕೆ ವರ್ಷವಿಡೀ ಒಂದು ಥರದ ಬರವೇ. ಹಾಗಾಗಿ ಸಿಕ್ಕಿದ ನೀರನ್ನು ಕಂಜೂಸುತನದಿಂದ ಖರ್ಚು ಮಾಡುತ್ತದೆ. ಕೆಲವು ಜಾತಿಗಳು ಉಪ್ಪನ್ನು ಬೇರಿನಲ್ಲೇ ತಡೆಯುತ್ತವೆ, ಕೆಲವು ಎಲೆಯ ಮೇಲೆ ಹೊರಹಾಕುತ್ತವೆ. ಎಲೆ ನೆಕ್ಕಿ ನೋಡಿ, ಉಪ್ಪು ಹತ್ತಿದರೆ ಎರಡನೆಯ ಬಗೆ.

ಈ ಸೆಳೆತ ನಿಜವಾಗಿ ಎಷ್ಟಿದೆ ಅಂತ ಅಳೆದು ತೋರಿಸಿದವರು ವಿಜ್ಞಾನಿ ಪೆರ್ ಶೋಲಾಂಡರ್ ಮತ್ತು ಅವರ ಜೊತೆಗಾರರು, 1960ರ ದಶಕದ ನಡುವಿನಲ್ಲಿ. ಕೊಯ್ದ ರೆಂಬೆಯನ್ನು ಗಟ್ಟಿ ಪಾತ್ರೆಯಲ್ಲಿಟ್ಟು, ತುದಿ ಮಾತ್ರ ಹೊರಗೆ ಬಿಟ್ಟು, ಒಳಗೆ ಗಾಳಿ ಒತ್ತುವುದು. ಕೊಯ್ದ ಜಾಗದಲ್ಲಿ ರಸ ಜಿನುಗಿದಾಗ ಒತ್ತಡ ಎಷ್ಟಿತ್ತೋ, ಮರದೊಳಗೆ ಸೆಳೆತ ಅಷ್ಟಿತ್ತು ಅಂತ ಲೆಕ್ಕ. ಕಾಂಡ್ಲದ್ದು ಸುಲಭ, ಕೈಯಲ್ಲೇ ಮುರಿಯಬಹುದು. ಅಮೆರಿಕದ ಡಗ್ಲಸ್ ಫರ್ ಮರಗಳ ತುದಿಗೆ ಯಾವ ದೋಟಿಯೂ ಎಟುಕುವುದಿಲ್ಲವಲ್ಲ? ಗುರಿಕಾರನನ್ನು ಕರೆದು ಬಂದೂಕಿನಿಂದ ರೆಂಬೆ ಹೊಡೆದುರುಳಿಸಿದರು. ಸಸ್ಯಶಾಸ್ತ್ರ ಬೋರು ಅನ್ನುವ ಹುಡುಗರಿಗೆ ನಾನು ಈ ಕಥೆ ಹೇಳುತ್ತಿದ್ದೆ.

ಮತ್ತಿ ಮರಕ್ಕೆ ಕತ್ತಿ ಹಾಕಿದರೆ ನಲ್ಲಿಯಂತೆ ನೀರು ಚಿಮ್ಮುವ ವಿಡಿಯೊ ನೋಡಿದೆ. ನಿಜವೇ? ನಮ್ಮ ಕಡೆ ಒಣ ಸೀಮೆ, ಇಂಥ ಮರ ಬೆಳೆಸಿದರೆ ಆಪತ್ಕಾಲಕ್ಕೆ ಆದೀತೇ? – ಮಡಕಶಿರಾದಿಂದ, ಆಂಧ್ರಪ್ರದೇಶ

ವಿಡಿಯೊ ನಿಜ. 2024ರ ಮಾರ್ಚ್‌ನಲ್ಲಿ ನಿಮ್ಮದೇ ರಾಜ್ಯದ ಪಾಪಿಕೊಂಡ ರಾಷ್ಟ್ರೀಯ ಉದ್ಯಾನದಲ್ಲಿ ಅರಣ್ಯ ಇಲಾಖೆಯವರು ತೆಗೆದದ್ದು. ಅಲ್ಲಿನ ಕೊಂಡರೆಡ್ಡಿ ಜನರಿಗೆ ಇದು ಮೊದಲೇ ಗೊತ್ತಿತ್ತು, ಅವರ ಮಾತು ಕೇಳಿ ಇಲಾಖೆಯವರು ತೊಗಟೆ ಕಡಿದು ನೋಡಿದರು. ಮರ ಕರಿಮತ್ತಿ. ಮೊಸಳೆ ಚರ್ಮದ ಹಾಗೆ ಚೌಕ ಚೌಕ ಬಿರಿದ ತೊಗಟೆ ನೋಡಿದರೆ ಯಾರಿಗೂ ಗುರುತು ಸಿಗುತ್ತದೆ. ಬೇಸಗೆಯಲ್ಲಿ ಕಾಂಡದೊಳಗೆ ನೀರು ಕೂಡಿಟ್ಟುಕೊಳ್ಳುವ ಗುಣ ಅದಕ್ಕಿದೆ.

ಆದರೆ ಎಲ್ಲ ಮತ್ತಿಯಲ್ಲೂ ನೀರಿರುವುದಿಲ್ಲ. ಕಾಂಡದಲ್ಲಿ ಗಂಟು ಕಟ್ಟಿ ಉಬ್ಬಿದ ಮರಗಳಲ್ಲೇ ಸಿಗುವುದು. ನಲ್ಲಿ ಅಂತ ತಿಳಿದು ಒಂದೊಂದೇ ಮರಕ್ಕೆ ಕತ್ತಿ ಹಾಕುತ್ತಾ ಹೋದರೆ ಏನಾದೀತು ಅಂತ ನಿಮಗೇ ಗೊತ್ತು. ಮರ ಎಲ್ಲಿದೆ ಅಂತ ಇಲಾಖೆಯವರು ಹೇಳದೆ ಬಿಟ್ಟದ್ದೂ ಅದಕ್ಕೇ. ಸೀಳಿದ ಜಾಗದಲ್ಲಿ ಹುಳ, ಕೊಳೆ ಬೇರೆ ಹತ್ತುತ್ತದೆ. ನೆರಳಿಗೆ, ಮೇವಿಗೆ ಬೇಕಾದರೆ ಧಾರಾಳ ನೆಡಿ. ಟಸರ್ ರೇಷ್ಮೆಯ ಹುಳಕ್ಕೂ ಅದರ ಸೊಪ್ಪು ಆಗುತ್ತದೆ. ಕುಡಿಯುವ ನೀರಿಗೆ ಮಾತ್ರ ಕೆರೆ ಹೂಳು ತೆಗೆಸುವುದೇ ವಾಸಿ.

ಟೀಚರಮ್ಮ, ಗುಡ್ಡೆಯಲ್ಲಿ ಅಕೇಶಿಯಾ ಬಂದ ಮೇಲೆ ನಮ್ಮ ಸುರಂಗದ ನೀರು ಕಡಿಮೆಯಾಗಿದೆ. ಅದು ನೀರು ಹೀರುವ ರಾಕ್ಷಸ. ಎಲ್ಲ ಕಡಿಸಿ ಹಾಕಬೇಕು. ನಿಮ್ಮ ವಿಜ್ಞಾನದವರು ಬಾಯಿ ಬಿಡುವುದಿಲ್ಲ. – ಬಾಯಾರಿನಿಂದ ಹಿರಿಯರೊಬ್ಬರು

ಬಾಯಿ ಬಿಡುತ್ತೇನೆ. ನೀವು ಹೇಳಿದ್ದರಲ್ಲಿ ಅರ್ಧ ಸರಿ.

ಅಕೇಶಿಯಾದಲ್ಲಿ ನಾವು ಎಲೆ ಅನ್ನುವುದು ಎಲೆಯಲ್ಲ, ಅಗಲವಾಗಿ ಚಪ್ಪಟೆಯಾದ ತೊಟ್ಟು. ಮೊಳಕೆಯೊಡೆದ ಸಸಿಯಲ್ಲಿ ಮಾತ್ರ ಜಾಲಿಯ ಥರ ಸಣ್ಣ ಸಣ್ಣ ಎಲೆ ಇರುತ್ತದೆ, ಬೇಕಿದ್ದರೆ ಮಳೆ ಬಂದಾಗ ಮರದಡಿ ಹುಡುಕಿ. ಈ ತೊಟ್ಟು ಗಟ್ಟಿ, ಬಿಸಿಲಿಗೆ ಓರೆಯಾಗಿ ನಿಲ್ಲುತ್ತದೆ, ಒಣ ಗಾಳಿಯನ್ನು ಚೆನ್ನಾಗಿ ತಡೆಯುತ್ತದೆ. ಒಂದೊಂದು ಎಲೆಯ ಲೆಕ್ಕ ನೋಡಿದರೆ ಅದು ದುಂದುಗಾರ ಅಲ್ಲವೇ ಅಲ್ಲ. ಆದರೆ ಮತ್ತಿ, ಸಾಗುವಾನಿ ಎಲೆ ಉದುರಿಸಿ ಖರ್ಚು ನಿಲ್ಲಿಸಿದ ತಿಂಗಳುಗಳಲ್ಲೂ ಇದು ಹಸಿರಾಗಿದ್ದು ನೀರು ಎಳೆಯುತ್ತಲೇ ಇರುತ್ತದೆ. ಮೇಲಾಗಿ ನಾವು ಅದನ್ನು ಒತ್ತೊತ್ತಾಗಿ ನೆಟ್ಟಿದ್ದೇವೆ. ಬೋಳು ಗುಡ್ಡೆಯ ಜಾಗಕ್ಕೆ ಅಂಥ ತೋಪು ಬಂದರೆ ಬೇಸಗೆಯ ನೀರಿನ ಖರ್ಚು ಏರುವುದು ಖಂಡಿತ.

ಇಂಥದ್ದನ್ನು ಕರ್ನಾಟಕದಲ್ಲಿ ನೀಲಗಿರಿಯ ಮೇಲೆ ಅಳೆದಿದ್ದಾರೆ, ಅಕೇಶಿಯಾದ ಮೇಲೆ ಅಲ್ಲ, ಆದರೂ ಪಾಠ ಉಂಟು. ಮಣ್ಣಿನ ಆಳ ಕಡಿಮೆ ಇದ್ದ ಕಡೆ ನೀಲಗಿರಿ ಕುಡಿದ ನೀರು ಅಲ್ಲಿನ ಕುರುಚಲು ಕಾಡಿನಷ್ಟೇ ಇತ್ತು. ಹೊಸಕೋಟೆಯ ಆಳ ಮಣ್ಣಿನಲ್ಲಿ ಮಾತ್ರ ಬಿದ್ದ ಮಳೆಗಿಂತಲೂ ಜಾಸ್ತಿ ನೀರು ಎಳೆಯಿತು, ಅಂದರೆ ಹಳೆಯ ದಾಸ್ತಾನಿಗೇ ಕೈ ಹಾಕಿತು. ಮರ ರಾಕ್ಷಸ ಹೌದೋ ಅಲ್ಲವೋ ಅನ್ನುವುದು ಮರದ ಜಾತಿಯೊಂದರಿಂದಲೇ ತೀರ್ಮಾನ ಆಗುವುದಿಲ್ಲ, ಬೇರಿಗೆ ಎಷ್ಟು ಆಳ ಸಿಕ್ಕಿತು ಅನ್ನುವುದೂ ಮುಖ್ಯ.

ಈಗ ಉಳಿದರ್ಧ. ನಿಮ್ಮ ಗುಡ್ಡೆಯ ಆಚೆ ಬದಿ ಕೆಂಪುಕಲ್ಲಿನ ಕೋರೆ ಇದೆ ಅಂತ ನೀವೇ ಕಾಗದದ ಕೊನೆಯಲ್ಲಿ ಬರೆದಿದ್ದೀರಿ. ಕೆಳಗೆ ಹೊಸ ಬೋರ್‌ವೆಲ್ ಬಂದದ್ದನ್ನೂ ಬರೆದಿದ್ದೀರಿ. ಮಳೆನೀರು ಇಂಗುವ ಕಲ್ಲನ್ನೇ ಕಡಿದು ಲಾರಿಯಲ್ಲಿ ಸಾಗಿಸಿ, ಸುರಂಗಕ್ಕಿಂತ ಕೆಳಗಿನಿಂದ ನೀರು ಎತ್ತಿ, ಕೊನೆಗೆ ತಪ್ಪೆಲ್ಲ ಅಕೇಶಿಯಾದ ತಲೆಗೆ ಕಟ್ಟುವುದು ನ್ಯಾಯ ಅಲ್ಲ ಅಲ್ವಾ? ಒಮ್ಮೆಲೇ ಕಡಿಸಬೇಡಿ. ಬೋಳು ಮುರಕಲ್ಲಿನ ಮೇಲೆ ಬಿದ್ದ ಆಟಿಯ (ಜುಲೈ–ಆಗಸ್ಟಿನ) ಮಳೆ ನಿಲ್ಲದೆ ಹೊಳೆಗೆ ಓಡುತ್ತದೆ. ಸಾಲು ಬಿಟ್ಟು ಸಾಲು ತೆಗೆಸಿ, ನಡುವೆ ನೇರಳೆ, ಹೆಬ್ಬಲಸು, ಪುನರ್ಪುಳಿ ಏಳಲು ಬಿಡಿ. ಹಕ್ಕಿ ಹಾಕಿದ ಬೀಜದಿಂದ ಎಷ್ಟೋ ತಾವಾಗಿ ಹುಟ್ಟಿರುತ್ತವೆ, ಕತ್ತಿ ಬೀಸುವವರಿಗೆ ಮೊದಲೇ ತೋರಿಸಿ ಇಡಬೇಕು.

ನಮ್ಮ ಅಜ್ಜನ ಕಾಲದ ಹಲಸು ಈ ಬೇಸಗೆ ಎಲೆ ಉದುರಿಸಿ, ತುದಿಯ ಕೊಂಬೆಗಳು ಒಣಗಿವೆ. ಮೋಪಿನ ವ್ಯಾಪಾರಿ ‘ಸತ್ತಿದೆ, ಮಳೆಗೆ ಮೊದಲೇ ಕೊಡಿ, ಆಮೇಲೆ ಹುಳ ಹಿಡಿದರೆ ಕ್ರಯ ಇಲ್ಲ’ ಅನ್ನುತ್ತಾರೆ. ಏನು ಮಾಡಲಿ? – ಆದೂರಿನಿಂದ

ವ್ಯಾಪಾರಿಯ ಅವಸರ ವ್ಯಾಪಾರಿಗೆ. ನೀವು ನಿಧಾನ ಮಾಡಿ.

ಹಲಸು ಸಾಗುವಾನಿಯ ಹಾಗೆ ವರ್ಷವರ್ಷ ಬೋಳಾಗುವ ಮರವಲ್ಲ. ಅದು ಎಲೆ ಉದುರಿಸಿತು ಅಂದರೆ ಕಷ್ಟ ನಿಜವೇ. ಏನಾಗಿರಬಹುದು ಹೇಳುತ್ತೇನೆ. ಬೇರಿನಿಂದ ಎಲೆಯ ತನಕ ನೀರು ಕೂದಲಿನಂಥ ನಳಿಗೆಗಳಲ್ಲಿ ಮುರಿಯದ ಎಳೆಯಾಗಿ ನಿಂತಿರುತ್ತದೆ, ಎಲೆಯಲ್ಲಿ ಆವಿಯಾದಂತೆ ಮೇಲಿನಿಂದ ಎಳೆಯುತ್ತದೆ. ಮಣ್ಣು ಕೊಡದೆ ಗಾಳಿ ಮಾತ್ರ ಎಳೆಯುತ್ತಾ ಹೋದರೆ ಎಲ್ಲೋ ಒಂದು ಕಡೆ ನೀರಿನ ಎಳೆ ಕಡಿದು ಗಾಳಿಗುಳ್ಳೆ ಬರುತ್ತದೆ. ಪಂಪಿಗೆ ಏರ್ ಹಿಡಿದಾಗ ಮೋಟಾರು ತಿರುಗಿದರೂ ನೀರು ಬರುವುದಿಲ್ಲವಲ್ಲ, ಆ ನಳಿಗೆಯದೂ ಅದೇ ಕಥೆ. 1966ರಲ್ಲಿ ಹರಳುಗಿಡದ ಎಲೆಗೆ ಸೂಕ್ಷ್ಮ ಸಾಧನ ಹಚ್ಚಿ ಕೇಳಿದವರಿಗೆ ಎಳೆ ಕಡಿಯುವ ಟಿಕ್ ಟಿಕ್ ಸದ್ದೇ ಕೇಳಿಸಿತು. ಒಂದೆರಡು ನಳಿಗೆ ಹೋದರೆ ಮರಕ್ಕೆ ಲೆಕ್ಕಕ್ಕಿಲ್ಲ. ಜಾಸ್ತಿ ಹೋದರೆ ಆ ಕೊಂಬೆ ಒಣಗುತ್ತದೆ. ಎಲ್ಲಕ್ಕಿಂತ ದೂರ, ಎಲ್ಲಕ್ಕಿಂತ ಎತ್ತರ ಇರುವುದು ತುದಿ. ಅದಕ್ಕೇ ಒಣಗು ಶುರುವಾಗುವುದು ಅಲ್ಲಿಂದ. ಕೆಳಗಿನದ್ದನ್ನು ಉಳಿಸಿಕೊಳ್ಳಲು ಮರ ಮೇಲಿನದ್ದನ್ನು ಬಿಟ್ಟಿತು ಅಂತಲೂ ಹೇಳಬಹುದು.

ಹಾಗಾದರೆ ರಂಧ್ರಗಳನ್ನು ಬೇಗ ಮುಚ್ಚುವ ಮರವೇ ಜಾಣ ಅಲ್ವಾ ಅಂತ ನಿಮ್ಮ ಮಗ ಕಾಗದದ ಬದಿಯಲ್ಲಿ ಬರೆದಿದ್ದಾನೆ. ಅಷ್ಟು ಸುಲಭ ಇಲ್ಲ. ಅಮೆರಿಕದ ನೈಋತ್ಯ ಭಾಗದಲ್ಲಿ 2002ರ ಸುಮಾರಿಗೆ ಕಠಿಣ ಬರ ಬಂತು. ಪಿನಿಯನ್ ಪೈನ್, ಜುನಿಪರ್ ಅಂತ ಎರಡು ಮರ ಅಲ್ಲಿ ಒಟ್ಟೊಟ್ಟಿಗೆ ಬೆಳೆಯುತ್ತವೆ. ಪೈನ್ ಬೇಗ ಮುಚ್ಚುವಂಥದ್ದು, ಜುನಿಪರ್ ಕಡೆಯ ತನಕ ತೆರೆದಿಡುವಂಥದ್ದು. ರಾಶಿ ರಾಶಿ ಸತ್ತದ್ದು ಪೈನ್. ತಿಂಗಳುಗಟ್ಟಲೆ ಮುಚ್ಚಿಕೊಂಡು ಕೂತರೆ ಅಡುಗೆ ಇಲ್ಲ, ಅಡುಗೆ ಇಲ್ಲದೆ ಬಳಲಿದ ಮರಕ್ಕೆ ತೊಗಟೆ ಕೊರೆಯುವ ದುಂಬಿ ಬಿದ್ದರೆ ತಡೆಯಲು ಅಂಟೂ ಇಲ್ಲ. ಜುನಿಪರಿನ ನಳಿಗೆಗಳು ಗಟ್ಟಿ, ಸೆಳೆತ ತಡೆದವು.

ದೊಡ್ಡ ಮರಕ್ಕೆ ಅಪಾಯ ಜಾಸ್ತಿ ಅನ್ನುವುದೂ ಸುಳ್ಳಲ್ಲ. ಬ್ರೆಜಿಲಿನ ಕಶಿವಾನಾ ಕಾಡಿನಲ್ಲಿ 2002ರಿಂದ ನೆಲದ ಮೇಲ್ಗಡೆ ಪ್ಲಾಸ್ಟಿಕ್ ಹಲಗೆ ಕಟ್ಟಿ ಅರ್ಧದಷ್ಟು ಮಳೆ ಮಣ್ಣಿಗೆ ಬೀಳದಂತೆ ಮಾಡಿ ನೋಡಿದರು. ಹೆಚ್ಚು ಸತ್ತದ್ದು ದೊಡ್ಡ ಮರಗಳೇ. ಮಳೆಯೂರಿನ ಮರ ಅಂತ ಧೈರ್ಯದಿಂದ ಕೂರುವ ಹಾಗೂ ಇಲ್ಲ. ಜಗತ್ತಿನ 81 ಕಡೆಗಳ 226 ಜಾತಿ ಮರಗಳನ್ನು ಹೋಲಿಸಿ 2012ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ನೂರಕ್ಕೆ 70 ಜಾತಿಗಳು ಈ ಏರ್ ಹಿಡಿಯುವ ಹಂತದ ಬಹಳ ಹತ್ತಿರವೇ ಬದುಕುತ್ತಿದ್ದವು. ಮಳೆಕಾಡಿನವೂ ಅದರಲ್ಲಿದ್ದವು. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ, ಆದರೆ ಮಾರ್ಚ್, ಏಪ್ರಿಲಿನ ಎಲೆಗೆ ಆಟಿಯ ಮಳೆ ಕಟ್ಟಿಕೊಂಡು ಏನಾಗಬೇಕು?

ಇನ್ನು ನಿಮ್ಮ ಮರ. ಒಣಗಿದ ಕೊಂಬೆಯ ತುದಿಯಲ್ಲಿ ಉಗುರಿನಿಂದ ತೊಗಟೆ ಕೆರೆಯಿರಿ. ಕಂದು, ಪುಡಿ ಪುಡಿಯಾದರೆ ಅಲ್ಲಿ ಜೀವ ಇಲ್ಲ. ಒಂದು ಮಾರು ಕೆಳಗೆ ಬನ್ನಿ, ಮತ್ತೆ ಕೆರೆಯಿರಿ. ಒಳಗೆ ಹಸಿರು, ಕೈಗೆ ಒದ್ದೆ ಹತ್ತಿತು, ಹಾಲು ಜಿನುಗಿತು ಅಂದರೆ ಅಲ್ಲಿಂದ ಕೆಳಗೆ ಮರ ಬದುಕಿದೆ. ಬಿಂದಿಗೆಗಟ್ಟಲೆ ನೀರನ್ನು ಕಾಂಡಕ್ಕೆ ಹೊಯ್ಯಬೇಡಿ, ಕುಡಿಯುವ ಬೇರು ಅಲ್ಲಿಲ್ಲ. ಕೊಂಬೆಗಳ ನೆರಳಿನ ಅಂಚಿಗೆ ನಿಧಾನ ಇಳಿಯುವಂತೆ ಬಿಡಿ, ಮೇಲೆ ತರಗೆಲೆ ದಪ್ಪಗೆ ಹರಡಿ. ಬುಡ ಅಗೆದು ಗೊಬ್ಬರ ಹಾಕುವ ಉತ್ಸಾಹ ಈಗ ಬೇಡ, ಇರುವ ಬೇರೂ ಕಡಿದುಹೋಗುತ್ತದೆ. ಮೇ ಕೊನೆಯ ಪತ್ತನಾಜೆ ಕಳೆಯಲಿ, ಮಳೆ ಹಿಡಿಯಲಿ. ಹಿಡಿದು ಒಂದೆರಡು ತಿಂಗಳಾದರೂ ಎಲ್ಲೂ ಚಿಗುರು ಕಾಣದಿದ್ದರೆ ಆಗ ವ್ಯಾಪಾರಿಯನ್ನು ಕರೆಯಿರಿ. ಹಲಸಿನ ತಿರುಳು ಅಷ್ಟರೊಳಗೆ ಹಾಳಾಗುವಂಥದ್ದಲ್ಲ, ಅದು ಅವರಿಗೂ ಗೊತ್ತು.

ಮರ ಮನೆಯ ಮಾಡಿನ ಕಡೆ ವಾಲಿದ್ದರೆ, ಅಥವಾ ಬುಡದಲ್ಲಿ ಅಣಬೆ ಎದ್ದು ತೊಗಟೆ ಹಪ್ಪಳವಾಗಿ ಏಳುತ್ತಿದ್ದರೆ ನನ್ನ ಈ ಕಾಯುವ ಮಾತು ಬಿಟ್ಟುಬಿಡಿ. ಅದು ಬೇಸಗೆಯ ಕೆಲಸ ಅಲ್ಲ, ಬೇರು ಕೊಳೆತದ್ದು. ಮಳೆಗೆ ಮೊದಲೇ ಇಳಿಸುವುದು ಒಳ್ಳೆಯದು. ನೀವು ಕಳಿಸಿದ ಫೋಟೋದಲ್ಲಿ ಬರೇ ಕೊಂಬೆ ಕಾಣುತ್ತದೆ. ಬುಡದ್ದು ಒಂದು ತೆಗೆದು ಕಳಿಸಿ, ಮುಂದಿನ ಸಂಚಿಕೆಗೆ ಕಾಯದೆ ಕಾರ್ಡಿನಲ್ಲೇ ಉತ್ತರ ಬರೆಯುತ್ತೇನೆ.